ಬೆಂಕಿಗೆ ಬೇಕಾದ ವಿಭಕ್ತಿ

ಕಳೆದ ವೈಶಾಖದಲ್ಲಿ ಉಡುಪಿಯ ಒಂದು ಸಭಾಭವನದಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ಊಟಕ್ಕೆ ಎಲೆ ಹಾಕುವುದನ್ನು ಕಾಯುತ್ತ ನಾನೂ ನನ್ನ ಸೋದರಮಾವನೂ ಗೋಡೆಯ ಬದಿಯ ಕುರ್ಚಿಗಳಲ್ಲಿ ಕುಳಿತಿದ್ದಾಗ, ಎದುರಿನ ಬಾಗಿಲಿನ ಮೇಲಿದ್ದ ಹಸಿರು ಫಲಕವೊಂದು ಮಾವನ ಕಣ್ಣಿಗೆ ಬಿತ್ತು. ಮೇಲಿನ ಸಾಲಿನಲ್ಲಿ ಇಂಗ್ಲಿಷಿನ ‘ಫೈರ್ ಎಕ್ಸಿಟ್’ ಇತ್ತು, ಕೆಳಗಿನ ಸಾಲಿನಲ್ಲಿ ಕನ್ನಡದ ‘ಬೆಂಕಿ ನಿರ್ಗಮನ’. ಮಾವ ಅದನ್ನು ಎರಡು ಸಲ ಓದಿದರು. ‘ಅಲ್ಲ ಮಾರಾಯ, ಬೆಂಕಿಗೆ ಹೊರಗೆ ಹೋಗ್ಲಿಕ್ಕೆ ಬೇರೆಯೇ ಬಾಗಿಲು ಇಟ್ಟಿದ್ದಾರೆ. ಹಾಗಾದ್ರೆ ನಾವು ಎಲ್ಲಿಂದ ಹೋಗುವುದು?’ ಎಂದು ಕೇಳಿದರು.

ಅನುವಾದವೇ ನನ್ನ ಹೊಟ್ಟೆಪಾಡು. ಕಾರ್ಖಾನೆಗಳ ಸುರಕ್ಷತಾ ಕೈಪಿಡಿ, ಬ್ಯಾಂಕುಗಳ ಸುತ್ತೋಲೆ, ಯಂತ್ರಗಳ ಜೊತೆ ಬರುವ ಸೂಚನಾ ಪತ್ರ ಮುಂತಾದ, ಯಾರೂ ಓದುವುದಿಲ್ಲವೆಂದು ನಾವೆಲ್ಲ ನಂಬಿರುವ ಕಾಗದಗಳನ್ನು ಇಪ್ಪತ್ತು ವರ್ಷಗಳಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಆದ್ದರಿಂದ ಮಾವನ ಪ್ರಶ್ನೆಗೆ ಸುತ್ತಲಿದ್ದವರು ನಕ್ಕಾಗ ನನಗೆ ನಗಲು ತುಸು ಕಷ್ಟವಾಯಿತು. ಆ ಫಲಕವನ್ನು ಬರೆದವನು ನಾನಲ್ಲದಿದ್ದರೂ, ಅಂಥದೇ ಫಲಕಗಳನ್ನು ನಾನೂ ಬರೆದುಕೊಟ್ಟಿರುವ ಸಾಧ್ಯತೆ ಸಾಕಷ್ಟಿತ್ತು.

ಇಂಗ್ಲಿಷಿನ ‘ಫೈರ್’ ಎಂಬ ಪದಕ್ಕೆ ಬೇರೊಂದು ನಾಮಪದದ ಪಕ್ಕದಲ್ಲಿ ಸುಮ್ಮನೆ ಹೋಗಿ ನಿಲ್ಲುವ ಅಭ್ಯಾಸವಿದೆ. ನಿಂತ ಮೇಲೆ ಅದಕ್ಕೂ ಪಕ್ಕದ ಪದಕ್ಕೂ ಏನು ಸಂಬಂಧ ಎಂಬುದನ್ನು ಓದುವವನೇ ಊಹಿಸಿಕೊಳ್ಳಬೇಕು. ‘ಫೈರ್‌ವುಡ್’ ಎಂದರೆ ಬೆಂಕಿಗೆ ಹಾಕುವ ಕಟ್ಟಿಗೆ. ‘ಫೈರ್‌ಪ್ಲೇಸ್’ ಎಂದರೆ ಬೆಂಕಿ ಇರಬೇಕಾದ ಜಾಗ. ‘ಫೈರ್ ಇಂಜಿನ್’ ಬೆಂಕಿಯನ್ನು ಆರಿಸಲು ಓಡುವ ವಾಹನ, ‘ಫೈರ್ ಎಕ್ಸಿಟ್’ ಬೆಂಕಿ ಬಿದ್ದಾಗ ಮನುಷ್ಯರು ಓಡುವ ದಾರಿ, ‘ಫೈರ್ ಡ್ರಿಲ್’ ಬೆಂಕಿಯೇ ಇಲ್ಲದೆ ನಡೆಸುವ ಅಣಕು ಕಾರ್ಯಾಚರಣೆ. ಐದರಲ್ಲಿಯೂ ‘ಫೈರ್’ ಇದ್ದ ಹಾಗೆಯೇ ಇದೆ, ಅದರ ಮೈಮೇಲೆ ಒಂದು ಪ್ರತ್ಯಯವೂ ಇಲ್ಲ. ಕನ್ನಡಕ್ಕೆ ಈ ಮೌನ ಒಗ್ಗುವುದಿಲ್ಲ. ಬೆಂಕಿಗೆ, ಬೆಂಕಿಯಿಂದ, ಬೆಂಕಿಯನ್ನು, ಬೆಂಕಿಯ ಎಂದು ವಿಭಕ್ತಿಯ ಬಾಲವನ್ನು ತೊಡಿಸಿ, ಬೆಂಕಿ ಅಲ್ಲಿ ಏನು ಮಾಡುತ್ತಿದೆ, ಯಾರಿಗೆ ಮಾಡುತ್ತಿದೆ ಎಂದು ಹೇಳಿದ ಹೊರತು ನಮ್ಮ ವಾಕ್ಯಕ್ಕೆ ನೆಮ್ಮದಿಯಿಲ್ಲ. ಬಾಲವನ್ನು ಕತ್ತರಿಸಿ ಎರಡು ಪದಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದರೆ, ಮಾವನಂಥ ಓದುಗರು ಕನ್ನಡದ ಸಹಜ ನಿಯಮದಂತೆ ಅದನ್ನು ಷಷ್ಠಿಯಾಗಿಯೇ ಓದುತ್ತಾರೆ. ಬೆಂಕಿಯ ನಿರ್ಗಮನ, ಅಷ್ಟೆ.

ಇದೇ ತಪ್ಪಿನ ಇನ್ನೊಂದು ರೂಪ ಕಂಪ್ಯೂಟರಿನ ‘ಫೈರ್‌ವಾಲ್’ ಎಂಬುದನ್ನು ‘ಅಗ್ನಿಗೋಡೆ’ ಎಂದು ಅನುವಾದಿಸುವುದರಲ್ಲಿದೆ. ಈ ಪದ ಮೊದಲು ಕಟ್ಟಡಗಳದ್ದು. ಒಂದು ಭಾಗಕ್ಕೆ ಹತ್ತಿದ ಬೆಂಕಿ ಪಕ್ಕದ ಭಾಗಕ್ಕೆ ದಾಟದಿರಲಿ ಎಂದು ಕಟ್ಟುತ್ತಿದ್ದ ಗಟ್ಟಿ ಗೋಡೆಗೆ ಆ ಹೆಸರಿತ್ತು. ಬಳಿಕ ವಾಹನಗಳಲ್ಲಿ ಇಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಇರುವ ಲೋಹದ ತಡಿಕೆಗೆ ಅದು ಸಂದಿತು, 1980ರ ದಶಕದಲ್ಲಿ ಹೊರಗಿನ ದಾಳಿಯನ್ನು ತಡೆಯುವ ವ್ಯವಸ್ಥೆಯ ಹೆಸರಾಗಿ ಕಂಪ್ಯೂಟರ್ ಜಾಲಗಳಿಗೆ ಬಂತು. ಮೂರು ಕಡೆಯೂ ಅದು ಬೆಂಕಿಯನ್ನು ತಡೆಯುವ ಗೋಡೆ. ‘ಅಗ್ನಿಗೋಡೆ’ ಎಂದು ಓದಿದಾಗ ನನ್ನ ಕಣ್ಣ ಮುಂದೆ ಬರುವುದು ಬೆಂಕಿಯಿಂದಲೇ ಮಾಡಿದ ಗೋಡೆ, ಪುರಾಣದ ಕೋಟೆಯೊಂದರ ಸುತ್ತ ಧಗಧಗಿಸುವಂಥದ್ದು. ಸಂಸ್ಕೃತದ ಸಮಾಸ ಕೂಡ ವಿಭಕ್ತಿಯನ್ನು ನುಂಗುತ್ತದೆಯಾದರೂ, ‘ಅಗ್ನಿಶಾಮಕ ದಳ’ ಎಂಬ ಹೆಸರನ್ನು ಕಟ್ಟಿದವರು ಎಚ್ಚರದಿಂದ ನಡುವೆ ‘ಶಾಮಕ’ವನ್ನು ಸೇರಿಸಿದ್ದಾರೆ. ಇಲ್ಲದಿದ್ದರೆ ಮಂಗಳೂರಿನ ಪಾಂಡೇಶ್ವರದ ಅಗ್ನಿಶಾಮಕ ಠಾಣೆಯಲ್ಲಿರುವವರು ಬೆಂಕಿ ಹಚ್ಚುವ ದಳವೋ ಆರಿಸುವ ದಳವೋ ಎಂದು ಸಂದೇಹವಾಗುತ್ತಿತ್ತು. ಮಂಗಳೂರಿನ ಬೀದಿಯಲ್ಲಿ ಮಾತ್ರ ಈ ಯಾವ ಹೆಸರೂ ನಡೆಯುವುದಿಲ್ಲ. ಅಲ್ಲಿ ಎಲ್ಲರೂ ‘ಫೈರ್‌ನವರಿಗೆ ಫೋನ್ ಮಾಡಿ’ ಎನ್ನುತ್ತಾರೆ, ಮತ್ತು ಆ ಮಾತು ಯಾರಿಗೂ ತಪ್ಪಾಗಿ ಅರ್ಥವಾದದ್ದಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಮಂಗಳೂರಿನ ಹೊರವಲಯದ ಒಂದು ಕಾರ್ಖಾನೆಗಾಗಿ ಬಣ್ಣ ಮತ್ತು ಥಿನ್ನರ್ ಇಡುವ ಉಗ್ರಾಣದ ಸೂಚನೆಗಳನ್ನು ಅನುವಾದಿಸುತ್ತಿದ್ದೆ. ಬೆಳಿಗ್ಗೆ ಕೊಡಬೇಕಾಗಿತ್ತು, ರಾತ್ರಿ ಎರಡು ಗಂಟೆಯಾಗಿತ್ತು. ಮೂಲದಲ್ಲಿ ‘ಇನ್‌ಫ್ಲೇಮಬಲ್’ ಎಂದಿತ್ತು. ‘ಇನ್‌ವಿಸಿಬಲ್’ ಎಂದರೆ ಕಾಣದ್ದು, ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು. ನಿದ್ದೆಗಣ್ಣಿನ ಈ ತರ್ಕದಲ್ಲಿ ನನ್ನ ಕೈ ‘ಬೆಂಕಿ ಹಿಡಿಯದ ದ್ರವಗಳು’ ಎಂದು ಟೈಪಿಸಿ ಮುಂದೆ ಹೋಯಿತು. ಕರಡನ್ನು ಓದಿದ ಹಲವರಲ್ಲಿ ತಪ್ಪನ್ನು ಹಿಡಿದವನು ಉಗ್ರಾಣದಲ್ಲಿ ಡಬ್ಬ ಹೊರುವ ಹುಡುಗ. ‘ಸರ್, ಥಿನ್ನರ್‌ಗೆ ಬೆಂಕಿ ಹಿಡಿಯುವುದಿಲ್ಲವಾ? ಹಾಗಾದ್ರೆ ಮೊನ್ನೆ ವೆಲ್ಡಿಂಗಿನ ಕಿಡಿ ಬಿದ್ದು ಹೊತ್ತಿಕೊಂಡದ್ದು ಯಾವುದು?’ ಎಂದು ಅವನು ಕೇಳಿದನಂತೆ. ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ನನ್ನ ಕೈ ಬಿಡಲಿಲ್ಲ. ಆ ಹುಡುಗನಿಗೆ ನಾನು ಇನ್ನೂ ಒಂದು ಊಟ ಬಾಕಿ ಇಟ್ಟುಕೊಂಡಿದ್ದೇನೆ.

ಅಲ್ಲಿನ ‘ಇನ್’ ಎಂಬುದು ನಿಷೇಧದ ಪೂರ್ವಪ್ರತ್ಯಯವಲ್ಲ. ‘ಒಳಗೆ’ ಎಂಬ ಅರ್ಥದ ಲ್ಯಾಟಿನ್ ‘ಇನ್’. ಜ್ವಾಲೆಯೊಳಕ್ಕೆ ಹೋಗುವಂಥದ್ದು, ಹೊತ್ತಿಕೊಳ್ಳುವಂಥದ್ದು ಎಂದೇ ಅದರ ಅರ್ಥ. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡೂ ಒಂದೇ. ನನ್ನಂತೆಯೇ ಇಂಗ್ಲಿಷಿನವರೂ ಎಡವುತ್ತಿದ್ದುದರಿಂದ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು 1920ರ ದಶಕದಲ್ಲಿಯೇ ‘ಇನ್’ ಇಲ್ಲದ ರೂಪವನ್ನು ಬಳಸಿರೆಂದು ಒತ್ತಾಯಿಸತೊಡಗಿತು. ಆದರೂ ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿಯನ್ನು ಏರುವ ಟ್ಯಾಂಕರುಗಳ ಬೆನ್ನಿನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂಬ ಹಳೆಯ ಒಕ್ಕಣೆ ಇನ್ನೂ ಕಾಣುತ್ತದೆ, ಮತ್ತು ಅದನ್ನು ಕಂಡಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ‘ಬೇಗ ಹೊತ್ತಿಕೊಳ್ಳುವ’ ಎಂಬ ಎರಡು ಕನ್ನಡ ಪದಗಳಲ್ಲಿ ಇಂಥ ಬಲೆಯೊಂದೂ ಇಲ್ಲ.

ಅದೇ ಕೈಪಿಡಿಯಿಂದ ನಾನು ಕಲಿತ ಇನ್ನೊಂದು ಸಂಗತಿಯೆಂದರೆ, ಬೆಂಕಿಯ ಕಸುಬಿನವರಿಗೇ ‘ಫೈರ್’ ಎಂಬ ಒಂದು ಪದ ಸಾಲದು. ಕಟ್ಟಿಗೆ, ಕಾಗದ, ಬಟ್ಟೆಯ ಬೆಂಕಿ ಅವರಿಗೆ ‘ಎ’ ವರ್ಗ, ಪೆಟ್ರೋಲಿನಂಥ ದ್ರವಗಳದ್ದು ‘ಬಿ’, ಅನಿಲದ್ದು ‘ಸಿ’, ಮೆಗ್ನೀಸಿಯಂನಂಥ ಲೋಹಗಳದ್ದು ‘ಡಿ’. ಮೊದಲನೆಯದಕ್ಕೆ ನೀರು ಮದ್ದು. ಎರಡನೆಯದಕ್ಕೆ ಅದೇ ನೀರನ್ನು ಸುರಿದರೆ ಉರಿಯುವ ಎಣ್ಣೆ ನೀರಿನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತದೆ. ಬೆಂಕಿ ಎಂದೊಡನೆ ಕೊಡಪಾನ ಹಿಡಿದು ಓಡುವವನು ಯಾವ ಬೆಂಕಿ ಎಂದು ಮೊದಲು ಕೇಳಬೇಕಾಗುತ್ತದೆ.

ನಮ್ಮ ಅಡುಗೆಮನೆಯವರು ಈ ಪ್ರಶ್ನೆಯನ್ನು ಭಾಷೆಯಲ್ಲಿಯೇ ಬಗೆಹರಿಸಿಕೊಂಡಿದ್ದಾರೆ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೆ ಅಮ್ಮ ‘ಉರಿ ಸಣ್ಣ ಮಾಡು’ ಎನ್ನುತ್ತಾರೆಯೇ ಹೊರತು ‘ಬೆಂಕಿ ಸಣ್ಣ ಮಾಡು’ ಎನ್ನುವುದಿಲ್ಲ. ಗ್ಯಾಸ್ ಒಲೆ ಬಂದ ಮೇಲೂ ಅದು ಉರಿಯಾಗಿಯೇ ಉಳಿಯಿತು. ಹೋಮಕುಂಡದಲ್ಲಿ ಇರುವುದು ಅಗ್ನಿ. ಅಲ್ಲಿ ‘ಬೆಂಕಿ’ ಎಂದರೆ ಪುರೋಹಿತರು ಮುಖ ನೋಡುತ್ತಾರೆ. ಪತ್ರಿಕೆಗಳಲ್ಲಿ ಅಂಗಡಿ ಸುಟ್ಟರೆ ‘ಬೆಂಕಿ ಅವಘಡ’. ಕಾಡಿನಲ್ಲಿ ಎದ್ದರೆ ಕಿಚ್ಚು, ಅಂದರೆ ಕಾಳ್ಗಿಚ್ಚು. ಅಜ್ಜಿಯ ಮನೆಯ ಬಚ್ಚಲಿನ ಒಲೆಯನ್ನು ನೆನೆದರೆ ಈ ಭೇದಗಳು ಇನ್ನೂ ಸೂಕ್ಷ್ಮವಾಗುತ್ತವೆ. ಮೊದಲು ಒಣಗಿದ ತೆಂಗಿನ ಮಡಲಿನ ಗರಿಗೆ ಕಡ್ಡಿ ಗೀರಬೇಕು; ಅದು ಒಮ್ಮೆಗೇ ಭುಗ್ಗೆಂದು ಎದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಳಿಯುತ್ತದೆ. ಅಷ್ಟರೊಳಗೆ ಗೆರಟೆಗಳನ್ನು, ಅಂದರೆ ತೆಂಗಿನ ಚಿಪ್ಪುಗಳನ್ನು, ಬೋರಲು ಹಾಕಬೇಕು. ಗೆರಟೆ ಹಿಡಿದರೆ ಎಣ್ಣೆಯ ಜಿಡ್ಡಿನಿಂದ ಅದರ ಉರಿ ಹಳದಿಯಾಗಿ ನಿಲ್ಲುತ್ತದೆ. ಆಗ ಮಡಲಿನ ಬುಡದ ಕೊತ್ತಳಿಗೆ, ಆಮೇಲೆ ಕಟ್ಟಿಗೆ. ‘ಕೊಳ್ಳಿಯನ್ನು ಒಳಗೆ ದೂಡು, ಕೆಂಡವನ್ನು ಹೊರಗೆ ಎಳೆಯಬೇಡ, ಕಿಡಿ ಹಾರೀತು, ಊದುಗೊಳವೆಯಿಂದ ಬೂದಿ ಎಬ್ಬಿಸಬೇಡ’ ಎಂದು ಅಜ್ಜಿ ಹಿಂದಿನಿಂದ ಹೇಳುತ್ತಿದ್ದರು. ಒಂದು ಹಂಡೆ ನೀರು ಕಾಯುವಷ್ಟರಲ್ಲಿ ಬೆಂಕಿಯ ಬಾಲ್ಯದಿಂದ ಮುಪ್ಪಿನವರೆಗಿನ ಹೆಸರುಗಳು ನಮಗೆ ಬಾಯಿಪಾಠವಾಗಿದ್ದವು.

ಮನೆಯ ಹೊರಗೆ ಬೇರೆಯೇ ಪದಗಳಿದ್ದವು. ಗದ್ದೆಯಲ್ಲಿ ಕೆಲಸ ಮಾಡುವವರ ತುಳುವಿನಲ್ಲಿ ಬೆಂಕಿಗೆ ‘ತೂ’. ಪಕ್ಕದ ಕೊಂಕಣಿಯವರ ಮನೆಯಲ್ಲಿ ‘ಉಜೊ’. ‘ತೂ’ ತಮಿಳು, ಮಲಯಾಳಗಳ ‘ತೀ’ಯ ಒಡಹುಟ್ಟು. ನಾವು ಅನ್ನ ಸೀದುಹೋಯಿತು ಎನ್ನುವಾಗ ಬಳಸುವ ‘ಸೀ’ ಕೂಡ ಅದೇ ಮನೆತನದ್ದು. ತುಳುವಿನಲ್ಲಿ ನೋಡು ಎಂಬುದಕ್ಕೂ ‘ತೂ’ ಎಂಬುದೇ ಧಾತುವಾದ್ದರಿಂದ, ‘ತೂಲ, ತೂ ಪತ್ತ್‌ಂಡ್’ ಎಂದು ಯಾರಾದರೂ ಕೂಗಿದರೆ ಮೊದಲ ಪದ ‘ನೋಡು’, ಎರಡನೆಯದು ‘ಬೆಂಕಿ’. ಹೊಸದಾಗಿ ತುಳು ಕಲಿಯುವವರು ಇಲ್ಲಿ ಒಂದು ಕ್ಷಣ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ. ಕಟೀಲಿನ ಜಾತ್ರೆಯಲ್ಲಿ ಎರಡು ಊರಿನವರು ಬರಿಮೈಯಲ್ಲಿ ಎದುರುಬದುರು ನಿಂತು ಉರಿಯುವ ಗರಿಯ ಸೂಟೆಗಳನ್ನು ಒಬ್ಬರ ಮೇಲೊಬ್ಬರು ಎಸೆಯುವ ಅಗ್ನಿಕೇಳಿಗೆ ಜನರು ‘ತೂಟೆದಾರ’ ಎನ್ನುತ್ತಾರೆ. ತೂಟೆ ಎಂದರೆ ಸೂಟೆಯೇ.

ಇಂಗ್ಲಿಷಿನ ಪದದ ಕುಲವನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕ ಸಂಗತಿಗಳಲ್ಲಿ ಹೆಚ್ಚು ರುಚಿಸಿದ್ದು, ಆ ಭಾಷಾವರ್ಗದ ಪೂರ್ವಜರಿಗೂ ಬೆಂಕಿಗೆ ಎರಡು ಪದಗಳಿದ್ದವು ಎಂಬುದು. ಒಂದು ಪದ ಬೆಂಕಿಯನ್ನು ಚೈತನ್ಯವುಳ್ಳದ್ದಾಗಿ ಕಾಣುತ್ತಿತ್ತು. ಅದರಿಂದ ಸಂಸ್ಕೃತದ ‘ಅಗ್ನಿ’ಯೂ ಲ್ಯಾಟಿನ್ನಿನ ‘ಇಗ್ನಿಸ್’ ಎಂಬುದೂ ಬಂದವು. ಇನ್ನೊಂದು ಪದಕ್ಕೆ ಬೆಂಕಿ ಜಡವಸ್ತು. ಅದರಿಂದ ಗ್ರೀಕಿನ ‘ಪೈರ್’, ಇಂಗ್ಲಿಷಿನ ‘ಫೈರ್’. ಋಗ್ವೇದ ಅಗ್ನಿಯ ಹೆಸರಿನಿಂದಲೇ ಆರಂಭವಾಗುತ್ತದೆ. ಇಂಗ್ಲಿಷಿಗೆ ಉಳಿದದ್ದು ಜಡವಾದ ಬೆಂಕಿ. ಚೈತನ್ಯದ ಬೆಂಕಿ ಲ್ಯಾಟಿನ್ನಿನ ಮೂಲಕ ಸುತ್ತಿ ಬಂದು ಕಾರಿನ ‘ಇಗ್ನಿಷನ್’ನಲ್ಲಿ ಕುಳಿತುಕೊಂಡಿತು. ಮಂಗಳೂರಿನ ಬಸ್ಸಿನ ಡ್ರೈವರ್ ಬೆಳಿಗ್ಗೆ ಗಣಪತಿಗೆ ಊದುಬತ್ತಿ ತೋರಿಸಿ ಕೀಲಿ ತಿರುಗಿಸುವಾಗ, ತಿಳಿಯದೆಯೇ ಅಗ್ನಿಯ ಹೆಸರನ್ನು ಎತ್ತಿದಂತಾಗುತ್ತದೆ.

ಲ್ಯಾಟಿನ್ನಿನಲ್ಲಿ ಒಲೆಗೆ, ಅಂದರೆ ಬೆಂಕಿ ಇರುವ ಜಾಗಕ್ಕೆ ‘ಫೋಕಸ್’ ಎಂಬ ಪದವಿತ್ತು. ಕಾಲಕ್ರಮದಲ್ಲಿ ಜನಸಾಮಾನ್ಯರು ಬೆಂಕಿಗೂ ಅದನ್ನೇ ಬಳಸತೊಡಗಿ ‘ಇಗ್ನಿಸ್’ ಮೂಲೆಗೆ ಸರಿಯಿತು. ಖಗೋಳಜ್ಞ ಕೆಪ್ಲರ್ 1604ರಲ್ಲಿ ಬೆಳಕಿನ ಕಿರಣಗಳು ಕೂಡುವ ಬಿಂದುವಿಗೆ ಒಲೆಯ ಈ ಹೆಸರನ್ನೇ ಇಟ್ಟ. ಮಸೂರದಿಂದ ಬಿಸಿಲನ್ನು ಹಿಡಿದು ಕಾಗದವನ್ನು ಸುಟ್ಟ ಯಾವ ಶಾಲಾಹುಡುಗನಿಗೂ ಅದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ‘ಫ್ಯೂಯಲ್’ ಎಂಬ ಪದವೂ ಇದೇ ಒಲೆಯ ಕುಡಿ, ಒಲೆಗೆ ಬೇಕಾದದ್ದು ಎಂದರ್ಥ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪರ್ಯಾಯಕ್ಕೆ ಮುನ್ನ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟಿ, ಶಿಖರವಿಟ್ಟು ನಿಲ್ಲಿಸುತ್ತಾರೆ. ಸಾವಿರಾರು ಜನರ ಊಟಕ್ಕೆ ಬೇಕಾದ ಒಲೆಯ ಉರುವಲಿಗೆ ಮುಹೂರ್ತವನ್ನೂ ರಥದ ರೂಪವನ್ನೂ ಕೊಟ್ಟ ಊರಿನವನಾದ ನನಗೆ, ‘ಫ್ಯೂಯಲ್’ ಎಂದರೆ ಪೆಟ್ರೋಲ್ ಬಂಕಿಗಿಂತ ಮೊದಲು ಆ ಕಟ್ಟಿಗೆ ರಥವೇ ನೆನಪಾಗುತ್ತದೆ.

‘ಕರ್ಫ್ಯೂ’ ಎಂಬ ಪದದೊಳಗೆ ಬೆಂಕಿ ಅಡಗಿದೆ ಎಂಬುದು ತಿಳಿದಾಗ ಮಾತ್ರ ನಾನು ನಿಜವಾಗಿ ಬೆರಗಾದೆ. ಹಳೆಯ ಫ್ರೆಂಚಿನಲ್ಲಿ ಅದು ಬೆಂಕಿಯನ್ನು ಮುಚ್ಚು ಎಂಬ ಆಜ್ಞೆ. ಮಧ್ಯಯುಗದ ಯುರೋಪಿನ ಊರುಗಳಲ್ಲಿ ಮನೆಗಳು ಮರದವು, ಮಾಡು ಹುಲ್ಲಿನದು. ರಾತ್ರಿ ಒಬ್ಬರ ಒಲೆಯಿಂದ ಹಾರಿದ ಕಿಡಿಗೆ ಇಡೀ ಬೀದಿ ಬೂದಿಯಾಗುವ ಭಯವಿತ್ತು. ಅದಕ್ಕಾಗಿ ಸಂಜೆ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗಬೇಕಾಗಿತ್ತು. ಒಲೆಗಳು ಹೋದವು, ಗಂಟೆ ಉಳಿಯಿತು. ಗಂಟೆಯೂ ಹೋದ ಮೇಲೆ ಮನೆಯಿಂದ ಹೊರಗೆ ಬರಬಾರದು ಎಂಬ ಅರ್ಥ ಉಳಿಯಿತು. 2020ರ ಮಾರ್ಚ್ 22ರ ಜನತಾ ಕರ್ಫ್ಯೂವಿನ ದಿನ ನಮ್ಮ ಓಣಿಯಲ್ಲಿ ಒಬ್ಬರೂ ಹೊರಗಿರಲಿಲ್ಲ. ಆದರೆ ಎಲ್ಲರೂ ಮನೆಯಲ್ಲಿಯೇ ಇದ್ದುದರಿಂದ ಬೆಳಗಿನಿಂದ ರಾತ್ರಿಯವರೆಗೆ ಒಂದು ಒಲೆಯೂ ಆರಲಿಲ್ಲ.

ಇನ್ನು ಕೋವಿಯ ವಿಷಯ. ಇಂಗ್ಲಿಷಿನವರು ಕೋವಿಯನ್ನು ‘ಫೈರ್’ ಮಾಡುವುದಕ್ಕೆ ಕಾರಣ ಸರಳವಾಗಿದೆ. ಮೊದಮೊದಲ ಬಂದೂಕುಗಳಲ್ಲಿ ಮದ್ದಿನ ಕಿಂಡಿಗೆ ಉರಿಯುವ ಬತ್ತಿಯನ್ನು ಮುಟ್ಟಿಸಬೇಕಾಗಿತ್ತು. ಅಂದರೆ ಅಕ್ಷರಶಃ ಬೆಂಕಿ ಕೊಡಬೇಕಾಗಿತ್ತು. ಬತ್ತಿ ಹೋಗಿ ಬೆರಳಿನಿಂದ ಎಳೆಯುವ ಕುದುರೆ ಬಂದರೂ ಕ್ರಿಯಾಪದ ಬದಲಾಗಲಿಲ್ಲ. ನಮ್ಮ ಕರಾವಳಿಯ ಕನ್ನಡಕ್ಕೆ ಕೋವಿಯಲ್ಲಿ ಬೆಂಕಿ ಕಾಣಲೇ ಇಲ್ಲ. ನಾವು ಈಡು ಹೊಡೆಯುತ್ತೇವೆ, ಗುಂಡು ಹಾರಿಸುತ್ತೇವೆ; ಹೊಡೆತವೂ ಹಾರಾಟವೂ ನಮಗೆ ಮುಖ್ಯವಾಯಿತು. ಕೋವಿಗಳಲ್ಲಿಯೂ ಕೇಪಿನ ಕೋವಿ, ತೋಟೆ ಕೋವಿ ಎಂದು ಮದ್ದು ತುಂಬುವ ಬಗೆಯಿಂದ ಹೆಸರಾಯಿತು. ಚುನಾವಣೆ ಬಂದಾಗ ಇವನ್ನೆಲ್ಲ ಠಾಣೆಯಲ್ಲಿ ಠೇವಣಿ ಇಟ್ಟು, ತೋಟಕ್ಕೆ ಬರುವ ಹಂದಿಗಳಿಗೆ ಯಾವ ನೀತಿಸಂಹಿತೆ ಎಂದು ಕೇಳುವ ಅಡಿಕೆ ಕೃಷಿಕರು ಸುಳ್ಯ, ಪುತ್ತೂರಿನ ಕಡೆ ಈಗಲೂ ಸಿಗುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬನು ‘ಫೈರ್’ ಎಂದು ಒಂದೇ ಪದ ಕೂಗಿದರೆ ಬೆಂಕಿ ಬಿದ್ದಿದೆ ಎಂದಾದರೂ ಆಗಬಹುದು, ಗುಂಡು ಹಾರಿಸಿ ಎಂದಾದರೂ ಆಗಬಹುದು. ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ 1919ರ ತೀರ್ಪೊಂದರಲ್ಲಿ, ನಾಟಕಶಾಲೆಯಲ್ಲಿ ಸುಳ್ಳುಸುಳ್ಳಾಗಿ ಆ ಒಂದು ಪದವನ್ನು ಕೂಗಿ ಗಾಬರಿ ಎಬ್ಬಿಸುವವನಿಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆಯಿಲ್ಲವೆಂಬ ಉದಾಹರಣೆಯನ್ನು ಕೊಟ್ಟದ್ದು ಪ್ರಸಿದ್ಧವಾಗಿದೆ.

ಕೆಲಸದಿಂದ ತೆಗೆಯುವುದಕ್ಕೆ ‘ಫೈರ್’ ಎನ್ನುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಅಮೆರಿಕದ ಮಾತು. ಬಂದೂಕಿನಿಂದ ಗುಂಡನ್ನು ಬಿಡುವುದಕ್ಕೂ ನೌಕರನನ್ನು ಬಿಡುಗಡೆ ಮಾಡುವುದಕ್ಕೂ ‘ಡಿಸ್ಚಾರ್ಜ್’ ಎಂಬ ಒಂದೇ ಪದವಿದ್ದುದರಿಂದ, ಯಾರೋ ತಮಾಷೆಗೆ ಅದರ ಜಾಗದಲ್ಲಿ ‘ಫೈರ್’ ಇಟ್ಟರೆಂದು ನಿಘಂಟುಕಾರರು ಊಹಿಸುತ್ತಾರೆ. ನಮ್ಮಲ್ಲಿ ಕೆಲಸದಿಂದ ತೆಗೆಯುತ್ತಾರೆ, ಬಿಡಿಸುತ್ತಾರೆ, ಹೆಚ್ಚೆಂದರೆ ಮನೆಗೆ ಕಳಿಸುತ್ತಾರೆ. ಗಲ್ಫಿಗೆ ಹೋದವರ ವಿಷಯದಲ್ಲಿ ‘ಕ್ಯಾನ್ಸಲ್ ಮಾಡಿ ಕಳಿಸಿದರು’ ಎಂಬ ಮಾತಿದೆ. ರದ್ದಾದದ್ದು ವೀಸಾ, ಆದರೆ ಕೇಳುವವರಿಗೆ ಮನುಷ್ಯನೇ ರದ್ದಾದಂತೆ ಕೇಳಿಸುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಒಮ್ಮೆ ಫೋನಿನಲ್ಲಿ ‘ನಮ್ಮ ಟೀಮಿನಲ್ಲಿ ಆರು ಜನರನ್ನು ಫೈರ್ ಮಾಡಿದರು’ ಎಂದಾಗ ಅಮ್ಮ ಗಾಬರಿಯಿಂದ ‘ಪೊಲೀಸರಾ?’ ಎಂದು ಕೇಳಿದ್ದರು.

ಅನುವಾದಕನಾಗಿ ನನ್ನನ್ನು ಬಹಳ ಕಾಡಿದ್ದು ಹೊಟ್ಟೆಯ ಬೆಂಕಿ. ಹೊಸ ನೌಕರರಿಗೆ ಸ್ವಾಗತ ಕೋರುವ ಪುಸ್ತಿಕೆಯೊಂದರಲ್ಲಿ, ನಮ್ಮ ಸಂಸ್ಥೆಗೆ ಹೊಟ್ಟೆಯಲ್ಲಿ ಬೆಂಕಿಯಿರುವ ಯುವಕರು ಬೇಕು ಎಂಬ ಅರ್ಥದ ಇಂಗ್ಲಿಷ್ ವಾಕ್ಯವಿತ್ತು. ಇಂಗ್ಲಿಷಿನಲ್ಲಿ ಅದು ಛಲ, 'ಸಾಧಿಸಿಯೇ ತೀರುವೆ' ಎಂಬ ಹಟ. ಅದನ್ನೇ ಕನ್ನಡಕ್ಕೆ ಎತ್ತಿಹಾಕಿದರೆ ‘ನಮಗೆ ಹೊಟ್ಟೆಕಿಚ್ಚಿನ ಯುವಕರು ಬೇಕು’ ಎಂದಾಗುತ್ತದೆ. ಅಂಥವರು ಎಲ್ಲ ಕಚೇರಿಗಳಲ್ಲಿಯೂ ಈಗಾಗಲೇ ಸಾಕಷ್ಟಿರುವುದರಿಂದ ಜಾಹೀರಾತು ಕೊಟ್ಟು ಕರೆಯಬೇಕಾದ ಅಗತ್ಯವಿಲ್ಲ. ನಮ್ಮ ಹೊಟ್ಟೆಯಲ್ಲಿ ಉರಿಯುವುದು ಪಕ್ಕದ ಮನೆಯವನ ಏಳಿಗೆಯಿಂದ, ಅಥವಾ ಹೆತ್ತ ಮಗುವಿನ ಸಂಕಟದಿಂದ, ಮಹತ್ವಾಕಾಂಕ್ಷೆಯಿಂದಲ್ಲ. ಹಾಗೆಂದು ಛಲಕ್ಕೆ ನಮ್ಮಲ್ಲಿ ಬೆಂಕಿಯಿಲ್ಲವೆಂದೇನೂ ಅಲ್ಲ. ಸ್ವಾತಂತ್ರ್ಯದ ಕಿಚ್ಚು, ಹೋರಾಟದ ಕಿಚ್ಚು ಎಂದು ನಾವು ಹೇಳುತ್ತಲೇ ಇರುತ್ತೇವೆ, ಆದರೆ ಆ ಕಿಚ್ಚು ಎದೆಯಲ್ಲಿರುತ್ತದೆ. ಕೊನೆಗೆ ನಾನು ಇಂಗ್ಲಿಷಿನ ಬೆಂಕಿಯನ್ನು ಒಂದು ಗೇಣು ಮೇಲಕ್ಕೆ ಸರಿಸಿ ‘ಎದೆಯಲ್ಲಿ ಕಿಚ್ಚಿರುವ’ ಎಂದು ಬರೆದೆ. ಎದೆಯಲ್ಲಿ ಕಿಚ್ಚಿನ ಬದಲು ಉರಿ ಇಟ್ಟಿದ್ದರೆ ಅದೂ ಕೆಡುತ್ತಿತ್ತು. ಎದೆಯುರಿಗೆ ಮಾತ್ರೆ ನುಂಗಬೇಕಾಗುತ್ತದೆ.

ವೈದ್ಯಕೀಯದ ಪದಗಳಲ್ಲಿ ಮಾತ್ರ ಕನ್ನಡದ ಕೈ ಮೇಲಾಗಿರುವುದನ್ನು ಕಂಡು ನನಗೆ ಹೆಮ್ಮೆಯೆನಿಸುತ್ತದೆ. ಗಾಯವಾದ ಜಾಗ ಕೆಂಪಗಾಗಿ, ಊದಿ, ಬಿಸಿಯೇರಿ, ನೋಯುವುದಕ್ಕೆ ಇಂಗ್ಲಿಷಿನ ‘ಇನ್‌ಫ್ಲಮೇಷನ್’ ಎಂಬ ಪದದಲ್ಲಿ ಇರುವುದು ಜ್ವಾಲೆ ಒಂದೇ. ಈ ನಾಲ್ಕು ಲಕ್ಷಣಗಳನ್ನು ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಪಟ್ಟಿ ಮಾಡಿದ್ದ. ಕನ್ನಡದ ‘ಉರಿಯೂತ’ ಎಂಬ ಪದ ಉರಿಯನ್ನೂ ಊತವನ್ನೂ ಒಟ್ಟಿಗೆ ಹೊಲಿದು, ನಾಲ್ಕರಲ್ಲಿ ಎರಡನ್ನು ಹೆಸರಿನಲ್ಲಿಯೇ ಹೇಳಿಬಿಡುತ್ತದೆ. ಮಳೆಗಾಲಕ್ಕೆ ಮುನ್ನ ಹಿತ್ತಿಲಿನಲ್ಲಿ ಮಿನುಗುವ ಹುಳಕ್ಕೆ ಇಂಗ್ಲಿಷಿನವರು ಬೆಂಕಿಯ ನೊಣ ಎಂದರು, ನಾವು ಮಿಂಚುಹುಳ ಎಂದೆವು. ಆ ಬೆಳಕಿನಲ್ಲಿ ಬಿಸಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಇಲ್ಲಿಯೂ ನನ್ನ ಮತ ನಮ್ಮವರಿಗೇ.

ಮಾವ ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹಂಚು ಸುಡುವ ಗೂಡಿನ ಬಳಿ ದುಡಿದವರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಅಂಥ ಹಲವು ಕಾರ್ಖಾನೆಗಳ ಹೊಗೆಕೊಳವೆಗಳು ಎದ್ದವು; ಈಗ ಹೆಚ್ಚಿನವು ಮುಚ್ಚಿವೆ. ಮಣ್ಣಿನ ವಸ್ತುವನ್ನು ಸುಡುವುದಕ್ಕೂ ಇಂಗ್ಲಿಷಿನಲ್ಲಿ ‘ಫೈರ್’ ಎನ್ನುತ್ತಾರೆಂದು ಮದುವೆಯ ಆ ದಿನ ನಾನು ಹೇಳಿದಾಗ, ಮಾವ ತಲೆಯಾಡಿಸಿದರು. ‘ನಾವು ಬೆಂದಿದೆಯಾ ಅಂತ ಕೇಳುವುದು. ಅನ್ನಕ್ಕೆ ಕೇಳುವ ಹಾಗೆಯೇ. ಅಗುಳು ಹಿಸುಕಿ ನೋಡ್ಲಿಕ್ಕೆ ಆಗುವುದಿಲ್ಲ, ಬೆರಳಿನ ಗೆಣ್ಣಿನಿಂದ ಬಡಿಯಬೇಕು’ ಎಂದು ಪಕ್ಕದ ಕುರ್ಚಿಯ ಹಿಡಿಯನ್ನು ಬಡಿದು ತೋರಿಸಿದರು. ಟಣ್ ಎಂದರೆ ಬೆಂದಿದೆ. ದಬ್ ಎಂದರೆ ಹಸಿ ಉಳಿದಿದೆ, ಅಥವಾ ಒಳಗೆ ಬಿರುಕಿದೆ. ಗೂಡಿನ ಮೂಲೆಯ ಹಂಚು ಬೇಯುವುದಿಲ್ಲ, ಬಾಯಿಯ ಹತ್ತಿರದ್ದು ಕರಟುತ್ತದೆ, ನಡುವಿನದ್ದು ಹದವಾಗಿ ಕೆಂಪಗಾಗುತ್ತದೆ. ‘ಬೆಂಕಿ ಒಂದೇ. ಹಂಚು ಎಲ್ಲಿ ಉಂಟು ಅಂತ ನೋಡಬೇಕು’ ಎಂದರು.

ಈಗಿನ ಹುಡುಗರ ‘ಬೆಂಕಿ’ಯನ್ನು ಬಿಟ್ಟರೆ ನನ್ನ ತಂಗಿಯ ಮಗ ಕ್ಷಮಿಸಲಾರ. ಚೆನ್ನಾಗಿ ಬ್ಯಾಟ್ ಬೀಸಿದವನೂ ಬೆಂಕಿ, ಹೊಸ ಬೈಕೂ ಬೆಂಕಿ, ಕಾಲೇಜಿನ ಬಳಿಯ ಅಂಗಡಿಯ ಗಡ್‌ಬಡ್ ಐಸ್‌ಕ್ರೀಮೂ ಬೆಂಕಿ. ಐಸ್‌ಕ್ರೀಮು ಬೆಂಕಿಯಾದಾಗ ನಾನು ಆಕ್ಷೇಪಿಸಿದೆ, ಅವನು ಮೊಬೈಲಿನಲ್ಲಿರುವ ಉರಿಯ ಚಿತ್ರವನ್ನು ತೋರಿಸಿ ಇದೇ ಎಂದ. ಇದು ಇಂಗ್ಲಿಷಿನ ಹುಡುಗರ ಮಾತಿನಿಂದ ಬಂದ ಹೊಸ ಅರ್ಥವೆಂದು ಮೂಗು ಮುರಿಯಬೇಕೆಂದಿದ್ದವನು, ಯಕ್ಷಗಾನವನ್ನು ನೆನೆದು ಸುಮ್ಮನಾದೆ. ಬಯಲಾಟದಲ್ಲಿ ಬಣ್ಣದ ವೇಷದ ಪ್ರವೇಶಕ್ಕೆ ದೊಂದಿಯ ಮೇಲೆ ರಾಳದ ಪುಡಿಯನ್ನು ಎರಚಿದಾಗ, ಆಳೆತ್ತರದ ಉರಿ ಎದ್ದು, ಅದರ ಹಿಂದಿನಿಂದ ಮಹಿಷಾಸುರನ ಕೊಂಬುಗಳು ಕಾಣುತ್ತವೆ. ಅಜ್ಜನ ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದ ನಾನು ರಾಳದ ಆ ಕಮಟು ವಾಸನೆಗೆ ಎದ್ದು ಕುಳಿತು ಬಾಯಿ ತೆರೆದು ನೋಡಿದಾಗ, ನನ್ನ ಬಳಿ ಒಂದು ಪದವಿದ್ದಿದ್ದರೆ ಅದು ಬಹುಶಃ ಇದೇ ಆಗಿರುತ್ತಿತ್ತು.

ಊಟ ಮುಗಿದ ಮೇಲೆ ಮಾವನ ಒತ್ತಾಯಕ್ಕೆ ನಾನು ಸಭಾಭವನದ ವ್ಯವಸ್ಥಾಪಕರನ್ನು ಕಂಡು ಫಲಕದ ವಿಷಯ ಹೇಳಿದೆ. ಅವರು ಬೇಸರಿಸಿಕೊಳ್ಳದೆ ‘ನೀವೇ ಒಂದು ಸರಿ ಮಾಡಿ ಕೊಡಿ’ ಎಂದು ಚೀಟಿಯನ್ನೂ ಪೆನ್ನನ್ನೂ ಕೊಟ್ಟರು. ‘ಬೆಂಕಿ ಬಿದ್ದಾಗ ಹೊರಬರುವ ದಾರಿ’ ಎಂದು ಬರೆದುಕೊಟ್ಟೆ. ಅವರು ಚೀಟಿಯನ್ನು ದೂರ ಹಿಡಿದು ಓದಿ, ಮದುವೆಯ ಮನೆಯಲ್ಲಿ ‘ಬೆಂಕಿ ಬಿದ್ದಾಗ’ ಎಂದು ಬರೆಯುವುದು ಹೇಗೆ, ಅದಲ್ಲದೆ ಇಂಗ್ಲಿಷಿನಲ್ಲಿ ಎರಡೇ ಪದ ಉಂಟಲ್ಲ, ಕನ್ನಡದಲ್ಲಿಯೂ ಎರಡರಲ್ಲಿಯೇ ಮುಗಿಸಲು ಆಗುವುದಿಲ್ಲವೇ ಎಂದು ಕೇಳಿದರು. ಎರಡೂ ನ್ಯಾಯವಾದ ಮಾತುಗಳೇ ಆಗಿದ್ದವು. ಬೆಂಕಿಯನ್ನು ಪೂರ್ತಿ ಹೊಡೆದುಹಾಕಿ ‘ತುರ್ತು ದಾರಿ’ ಎಂದು ಬರೆದುಕೊಟ್ಟು ಬಂದೆ. ಮೊನ್ನೆ ಇನ್ನೊಂದು ಮದುವೆಗೆ ಅಲ್ಲಿಗೆ ಹೋಗಿದ್ದಾಗ ನೋಡಿದರೆ, ಬಾಗಿಲಿನ ಎಡಬದಿಗೆ ನನ್ನ ಎರಡು ಪದಗಳ ಹೊಸ ಸ್ಟಿಕ್ಕರ್ ಅಂಟಿಸಿದ್ದರು. ಮೇಲಿನ ಹಸಿರು ಫಲಕವನ್ನು ಯಾರೂ ತೆಗೆದಿರಲಿಲ್ಲ.